ಉಗುರಿಗೆ ಸಿಗುವ ಮೆಟ್ಟಿಲು

ಹಳೆಯ ರೋಟರಿ ಎಂಜಿನ್ ಬಿಚ್ಚಿದಾಗ ನಾನು ಮೊದಲು ಮಾಡುವ ಕೆಲಸ ಇದು. ಪಕ್ಕದ ಕಬ್ಬಿಣದ ಪ್ಲೇಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಮೆಲ್ಲಗೆ ಎಳೆಯುತ್ತೇನೆ. ಒಳಗಿನಿಂದ ಹೊರಗೆ, ಅಡ್ಡಡ್ಡವಾಗಿ. ಒಂದು ಜಾಗದಲ್ಲಿ ಉಗುರು ಸಣ್ಣಗೆ ತಡೆಯುತ್ತದೆ. ಕಣ್ಣಿಗೆ ಅಲ್ಲಿ ಬೂದು ಬಣ್ಣದ ಒಂದು ಕಮಾನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಉಗುರಿಗೆ ಮಾತ್ರ ಗೊತ್ತಾಗುತ್ತದೆ, ಅಲ್ಲೊಂದು ಮೆಟ್ಟಿಲಿದೆ ಅಂತ. ಅನಿಲ ಸೋರದಂತೆ ತಡೆಯುವ ಸೈಡ್ ಸೀಲ್ ಎಂಬ ಲೋಹದ ಪಟ್ಟಿಗಳು ವರ್ಷಗಟ್ಟಲೆ ಅದೇ ದಾರಿಯಲ್ಲಿ ಓಡಾಡಿ ಸವೆಸಿದ ಮೆಟ್ಟಿಲು ಅದು.

ಆ ಮೆಟ್ಟಿಲು ಸಿಕ್ಕ ತಕ್ಷಣ ಹೆಚ್ಚಿನವರು ಹೇಳುವುದು ಒಂದೇ ಮಾತು: ಇದು ಮುಗೀತು, ಹೊಸದು ತರಿಸಿ. ನಾನು ಆ ಮಾತನ್ನು ಒಪ್ಪುವುದಿಲ್ಲ. ಹಾಗಂತ ಹಳೆಯದೆಲ್ಲ ಚಿನ್ನ ಅನ್ನುವವರ ಜೊತೆಗೂ ನಾನಿಲ್ಲ. ಎಷ್ಟು ಸವೆದಿದೆ, ಎಲ್ಲಿ ಸವೆದಿದೆ, ಯಾಕೆ ಸವೆದಿದೆ ಅನ್ನುವ ಮೂರು ಪ್ರಶ್ನೆಗೆ ಉತ್ತರ ಸಿಗುವ ತನಕ ಯಾವ ಭಾಗವನ್ನೂ ಗುಜರಿಗೆ ಹಾಕಬಾರದು, ಯಾವುದನ್ನೂ ವಾಪಸ್ ಎಂಜಿನ್‌ಗೂ ಹಾಕಬಾರದು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಆದರೆ ಈ ಮಾತು ನನಗೆ ಅರ್ಥವಾಗಲು ಒಂದು ಎಂಜಿನ್ ಹಾಳಾಗಬೇಕಾಯಿತು.

ರೋಟರಿ ಎಂಜಿನ್ ನೋಡದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಇದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಉಬ್ಬಿದ ಬದಿಗಳ ತ್ರಿಕೋನದಂಥ ರೋಟರ್ ಒಂದು, ನಡು ಸ್ವಲ್ಪ ಒತ್ತಿದಂತಿರುವ ಮೊಟ್ಟೆಯಾಕಾರದ ಹೌಸಿಂಗ್ ಒಳಗೆ ತಿರುಗುತ್ತದೆ. ಮಜ್ದಾದ 13ಬಿ ಎಂಜಿನ್‌ನಲ್ಲಿ ಇಂಥ ರೋಟರ್‌ಗಳು ಎರಡು. ಎರಡು ಅಲ್ಯೂಮಿನಿಯಂ ಹೌಸಿಂಗ್, ಅವುಗಳ ಅಕ್ಕಪಕ್ಕ ಮತ್ತು ನಡುವೆ ಮೂರು ಎರಕದ ಕಬ್ಬಿಣದ ಪ್ಲೇಟ್. ಹೀಗೆ ಐದು ಪದರ ಜೋಡಿಸಿ ಉದ್ದುದ್ದ ಬೋಲ್ಟ್‌ಗಳಲ್ಲಿ ಬಿಗಿದರೆ ಎಂಜಿನ್. ರೋಟರ್ ಒಂದು ಸುತ್ತು ಹಾಕುವಷ್ಟರಲ್ಲಿ ನಡುವಿನ ಎಕ್ಸೆಂಟ್ರಿಕ್ ಶಾಫ್ಟ್ ಮೂರು ಸುತ್ತು ಹಾಕಿರುತ್ತದೆ.

ಎಲ್ಲ ಕಷ್ಟ ಇರುವುದು ಸೀಲ್‌ಗಳಲ್ಲಿ. ರೋಟರ್‌ನ ಮೂರು ತುದಿಗಳಲ್ಲಿ ಏಪೆಕ್ಸ್ ಸೀಲ್ ಎಂಬ ಸಣ್ಣ ಪಟ್ಟಿಗಳು, ಎರಡೂ ಮಗ್ಗುಲಲ್ಲಿ ಬಾಗಿದ ಸೈಡ್ ಸೀಲ್‌ಗಳು, ಇವೆರಡೂ ಸೇರುವ ಮೂಲೆಯಲ್ಲಿ ಗುಂಡನೆಯ ಕಾರ್ನರ್ ಸೀಲ್‌ಗಳು. ಎರಡು ರೋಟರ್‌ನ ಎಂಜಿನ್‌ಗೆ ಏಪೆಕ್ಸ್ 6, ಸೈಡ್ 12, ಕಾರ್ನರ್ 12. ಏಪೆಕ್ಸ್ ಸೀಲ್ ಹೌಸಿಂಗ್ ಗೋಡೆಯನ್ನು ಸವರಿಕೊಂಡು ಓಡುತ್ತಲೇ ಇರಬೇಕು. 13ಬಿ ಅಳತೆಯಲ್ಲಿ ಲೆಕ್ಕ ಹಾಕಿದರೆ ಒಂದು ಸುತ್ತಿಗೆ ಸುಮಾರು 70 ಸೆಂಟಿಮೀಟರ್ ದಾರಿ. ಶಾಫ್ಟ್ 6000 ಆರ್‌ಪಿಎಂನಲ್ಲಿದ್ದಾಗ ರೋಟರ್ ನಿಮಿಷಕ್ಕೆ 2000 ಸುತ್ತು. ಅಂದರೆ ಆ ಪುಟ್ಟ ಪಟ್ಟಿ ಒಂದೇ ನಿಮಿಷದಲ್ಲಿ 1.4 ಕಿಲೋಮೀಟರ್ ಉಜ್ಜಿಕೊಂಡು ಓಡಿರುತ್ತದೆ. ಇಷ್ಟಾದರೂ ಲಕ್ಷ ಕಿಲೋಮೀಟರ್ ದಾಟಿದ ಎಂಜಿನ್‌ಗಳನ್ನು ನೋಡಿದ್ದೇನೆ. ಪ್ರತಿ ಸಲ ಬಿಚ್ಚಿದಾಗಲೂ ನನಗೆ ಇದು ಅಚ್ಚರಿಯೇ.

ಈ ಸವೆತದ ಕಥೆ ಎಂಜಿನ್ ಹುಟ್ಟಿದಾಗಿನಿಂದಲೂ ಇದೆ. ಫೆಲಿಕ್ಸ್ ವಾಂಕೆಲ್ ಅವರ ಮೊದಲ ಮಾದರಿ ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಓಡಿತು. ಜಪಾನಿನ ಮಜ್ದಾ ಪರವಾನಗಿ ಪಡೆದು ಕೆಲಸಕ್ಕೆ ಕೂತಾಗ ಹೌಸಿಂಗ್ ಗೋಡೆಯ ಮೇಲೆ ಅಲೆಅಲೆಯಾದ ಗೀರುಗಳು ಬೀಳತೊಡಗಿದವು. ಅಲ್ಲಿನವರು ಅದಕ್ಕೆ ದೆವ್ವದ ಉಗುರಿನ ಗೀರು ಅಂತಲೇ ಹೆಸರಿಟ್ಟಿದ್ದರು. ಏಪೆಕ್ಸ್ ಸೀಲ್ ಓಡುವಾಗ ನಡುಗಿ, ಗೋಡೆಯನ್ನು ಕುಟ್ಟುತ್ತಾ ಹೋಗುವುದೇ ಅದಕ್ಕೆ ಕಾರಣ. ಕೆನಿಚಿ ಯಮಾಮೊಟೊ ಅವರ ತಂಡ ಸೀಲ್‌ನ ಆಕಾರ ಬದಲಿಸಿ, ವಸ್ತು ಬದಲಿಸಿ, ಕೊನೆಗೆ ಅಲ್ಯೂಮಿನಿಯಂ ತುಂಬಿದ ಕಾರ್ಬನ್ ಸೀಲ್‌ನೊಂದಿಗೆ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರನ್ನು ಹೊರತಂದಿತು. ಅದೇ 1967ರಲ್ಲಿ ಬಂದ ಎನ್‌ಎಸ್‌ಯು ರೊ 80 ಕಾರಿಗೆ ಸೀಲ್ ಸವೆತವೇ ಮುಳುವಾಯಿತು. ವಾರಂಟಿಯಲ್ಲಿ ಎಂಜಿನ್ ಬದಲಿಸಿ ಬದಲಿಸಿ ಕಂಪನಿ ಸೋತುಹೋಯಿತು. ಸವೆದ ಭಾಗ ಕೈಗೆ ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಆ ಗೋಡೆಯ ಮೇಲಿನ ಪ್ರತಿ ಗೀರಿಗೂ ಒಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ.

ಇನ್ನು ನನ್ನ ತಪ್ಪಿನ ವಿಷಯ.

ಮೊದಲ ಸಲ ಎಂಜಿನ್ ಬಿಚ್ಚಿದಾಗ ಮೂರೂ ಪ್ಲೇಟ್‌ಗಳಲ್ಲಿ ಮೆಟ್ಟಿಲಿತ್ತು. ಹೊಸದು ಬೇಡ, ಇದನ್ನೇ ಸಮ ಮಾಡಿಸೋಣ ಅಂತ ಗ್ರೈಂಡಿಂಗ್ ಕೆಲಸದ ಒಬ್ಬ ಹಿರಿಯರ ಬಳಿ ಹೋದೆ. ಅವರು ಪ್ಲೇಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮಾಡ್ಕೊಡ್ತೀನಿ. ಆದ್ರೆ ಇದರ ಮೇಲೆ ಗಟ್ಟಿ ಪದರ ಇದ್ಯಲ್ಲ, ಅದು ಎಷ್ಟು ದಪ್ಪ ಇದೆ ಗೊತ್ತಾ ನಿಮಗೆ?" ಅಂದರು. ನನಗೆ ಗೊತ್ತಿರಲಿಲ್ಲ. "ಪರವಾಗಿಲ್ಲ ಸಾರ್, ಮೆಟ್ಟಿಲು ಪೂರ್ತಿ ಹೋಗಲಿ, ಅಷ್ಟು ಸಾಕು" ಅಂದೆ. ಅವರು ಇನ್ನೊಮ್ಮೆ ಹೇಳಿದರು. ನಾನು ಇನ್ನೊಮ್ಮೆ ಅದೇ ಉತ್ತರ ಕೊಟ್ಟೆ.

ಪ್ಲೇಟ್‌ಗಳು ವಾಪಸ್ ಬಂದಾಗ ಕನ್ನಡಿಯಂತೆ ಹೊಳೆಯುತ್ತಿದ್ದವು. ಎಂಜಿನ್ ಚೆನ್ನಾಗಿಯೇ ಶುರುವಾಯಿತು. ಕೆಲವೇ ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಬಿಸಿ ಎಂಜಿನ್ ಸ್ಟಾರ್ಟ್ ಆಗಲು ಒದ್ದಾಡತೊಡಗಿತು. ಬಿಚ್ಚಿ ನೋಡಿದರೆ ಮೊದಲಿದ್ದ ಮೆಟ್ಟಿಲಿಗಿಂತ ಆಳವಾದ ಹೊಸ ಜಾಡು. ಮೊದಲನೆಯದು ಬೀಳಲು ವರ್ಷಗಳೇ ಹಿಡಿದಿದ್ದವು. ಇದಕ್ಕೆ ತಿಂಗಳುಗಳೇ ಸಾಕಾಗಿದ್ದವು.

ಆಗಿದ್ದೇನು ಅಂದರೆ, ಆ ಪ್ಲೇಟ್‌ಗಳು ಬರೀ ಎರಕದ ಕಬ್ಬಿಣ ಅಲ್ಲ. ಬಿಸಿ ಕುಲುಮೆಯಲ್ಲಿಟ್ಟು ಮೇಲ್ಮೈಗೆ ಸಾರಜನಕ ಹಿಡಿಸಿ ಗಟ್ಟಿ ಮಾಡಿರುತ್ತಾರೆ. ನೈಟ್ರೈಡಿಂಗ್ ಅಂತಾರೆ ಅದಕ್ಕೆ. ಆ ಗಟ್ಟಿ ಪದರ ತುಂಬಾ ತೆಳು. ನಾನು ಮೆಟ್ಟಿಲು ತೆಗೆಸುವ ನೆಪದಲ್ಲಿ ಆ ಪದರವನ್ನೇ ತೆಗೆಸಿಬಿಟ್ಟಿದ್ದೆ. ಕೆಳಗಿನ ಮೆತ್ತನೆಯ ಕಬ್ಬಿಣದ ಮೇಲೆ ಸೀಲ್‌ಗಳು ಓಡಿದವು. ಕನ್ನಡಿ ಹೊಳಪೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಣ್ಣೆ ನಿಲ್ಲಬೇಕಾದರೆ ಮೇಲ್ಮೈ ಸ್ವಲ್ಪ ಮಂಕಾಗಿ, ಅತಿ ಸಣ್ಣ ತರಿ ಇಟ್ಟುಕೊಂಡಿರಬೇಕು. ಹಿರಿಯರು ಕೇಳಿದ ಪ್ರಶ್ನೆಯೇ ಇಡೀ ಕೆಲಸದ ತಿರುಳಾಗಿತ್ತು. ಆಮೇಲೆ ಅವರ ಬಳಿ ಹೋಗಿ ಹಾಗಂತ ಹೇಳಿದೆ. ಅವರು ಬೈಯಲಿಲ್ಲ. "ಮುಂದಿನ ಸಲ ಮೊದಲು ಅಳತೆ ತಗೊಂಡು ಬನ್ನಿ" ಅಂದರು.

ಹಾಗಾಗಿ ಈಗ ಅಳತೆಯಿಂದಲೇ ಶುರು. ಕಳೆದ ವರ್ಷ ನನ್ನ ಬೆಂಚಿಗೆ ಬಂದದ್ದು ಮಜ್ದಾದ ಎರಡನೇ ತಲೆಮಾರಿನ ಆರ್‌ಎಕ್ಸ್-7 ಕಾರಿನ ಟರ್ಬೊ ಇಲ್ಲದ 13ಬಿ. ಪ್ಲೇಟನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು, ಡಯಲ್ ಗೇಜ್‌ನ ಮೊನೆಯನ್ನು ಮೆಟ್ಟಿಲಿನ ಮೇಲಿಂದ ಕೆಳಕ್ಕೆ ನಡೆಸಿದೆ. ಮುಂದಿನ ಪ್ಲೇಟ್ 0.03 ಮಿಲಿಮೀಟರ್. ಹಿಂದಿನದು 0.05. ನಡುವಿನದು 0.09. ಕಾರ್ಖಾನೆಯ ಕೈಪಿಡಿಯಲ್ಲಿ ಕೊಟ್ಟಿರುವ ಮಿತಿ 0.10. ನಡುವಿನ ಪ್ಲೇಟ್‌ಗೆ ಎರಡೂ ಕಡೆ ರೋಟರ್, ಎರಡೂ ಕಡೆ ಬಿಸಿ. ಅದು ಮೊದಲು ದಣಿಯುವುದು ಸಹಜ.

ಪುಸ್ತಕದ ಪ್ರಕಾರ ಮೂರೂ ಪಾಸ್. ಆದರೆ ಮಿತಿ ಅನ್ನುವ ಸಂಖ್ಯೆ ಹೇಳುವುದು ಇವತ್ತಿನ ಸ್ಥಿತಿಯನ್ನು ಮಾತ್ರ. ಇನ್ನೆಷ್ಟು ದಿನ ಅಂತ ಅದು ಹೇಳುವುದಿಲ್ಲ. 0.09 ಇರುವ ಪ್ಲೇಟಿಗೆ ಹೊಸ ಸೈಡ್ ಸೀಲ್ ಹಾಕಿದರೆ, ಆ ಸೀಲ್ ಪ್ರತಿ ಸುತ್ತಿನಲ್ಲೂ ಆ ಮೆಟ್ಟಿಲನ್ನು ಹತ್ತಿ ಇಳಿಯಬೇಕು. ಹತ್ತುವಾಗ ಕ್ಷಣಮಾತ್ರ ಅದು ಗೋಡೆ ಬಿಡುತ್ತದೆ, ಆ ಸಂದಿನಲ್ಲಿ ಬಿಸಿ ಗಾಳಿ ನುಗ್ಗುತ್ತದೆ. ಹಾಗಾಗಿ ಮುಂದಿನದನ್ನೂ ಹಿಂದಿನದನ್ನೂ ಮುಟ್ಟಲಿಲ್ಲ. ಸುಮ್ನೆ ತೊಳೆದು, ಡೊಂಕು ನೋಡಿದೆ. ನೇರಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಲೋಹದ ಎಲೆಗಳನ್ನು ತೂರಿಸಿದರೆ 0.04ರ ಎಲೆ ಎಲ್ಲೂ ಒಳಗೆ ಹೋಗಲಿಲ್ಲ. ನಡುವಿನದನ್ನು ಲ್ಯಾಪಿಂಗ್‌ಗೆ, ಅಂದರೆ ನುಣ್ಣನೆಯ ಪುಡಿಯಲ್ಲಿ ಉಜ್ಜಿ ಸಮ ಮಾಡುವುದಕ್ಕೆ ಕಳಿಸಿದೆ. ಅಲ್ಲಿಂದ ನೇರವಾಗಿ ನೈಟ್ರೈಡಿಂಗ್‌ಗೆ.

ಲ್ಯಾಪಿಂಗ್ ಮಾಡಿಸುವವರು ಒಂದು ವಿಷಯ ಗಮನದಲ್ಲಿಡಬೇಕು. 1986ರಿಂದೀಚಿನ ಎಂಜಿನ್‌ಗಳಲ್ಲಿ ತಂಪಿಡುವ ನೀರು ಸೋರದಂತೆ ತಡೆಯುವ ರಬ್ಬರ್ ಸೀಲ್ ಕೂರುವ ತೋಡು (ಗ್ರೂವ್) ಇರುವುದು ಈ ಕಬ್ಬಿಣದ ಪ್ಲೇಟ್‌ಗಳಲ್ಲೇ. ಮೇಲ್ಮೈಯನ್ನು ಎಷ್ಟು ತೆಗೆಯುತ್ತೀರೋ ತೋಡಿನ ಆಳ ಅಷ್ಟು ಕಡಿಮೆಯಾಗುತ್ತದೆ. ಸ್ವಲ್ಪ ತೆಗೆದರೆ ತೊಂದರೆ ಇಲ್ಲ. ಜಾಸ್ತಿ ತೆಗೆದರೆ ತೋಡನ್ನೂ ಮತ್ತೆ ಕೊರೆಸಬೇಕು, ಇಲ್ಲದಿದ್ದರೆ ರಬ್ಬರ್ ಅತಿಯಾಗಿ ಹಿಸುಕಿಹೋಗುತ್ತದೆ.

ಹೌಸಿಂಗ್ ವಿಷಯದಲ್ಲಿ ನಾನು ಇಷ್ಟು ಉದಾರಿಯಲ್ಲ. ಅಲ್ಯೂಮಿನಿಯಂ ಒಳಗೆ ಉಕ್ಕಿನ ಹಾಳೆ, ಅದರ ಮೇಲೆ ಕ್ರೋಮ್ ಲೇಪ, ಆ ಕ್ರೋಮ್‌ನಲ್ಲಿ ಎಣ್ಣೆ ಹಿಡಿದಿಡುವ ಕಣ್ಣಿಗೆ ಕಾಣದ ರಂಧ್ರಗಳು. ರೋಟರಿ ಎಂಜಿನ್‌ನ ಒಂದು ಗುಣ ಏನೆಂದರೆ, ಇಂಧನ ಉರಿಯುವುದು ಯಾವಾಗಲೂ ಹೌಸಿಂಗ್‌ನ ಒಂದೇ ಬದಿಯಲ್ಲಿ. ಪಿಸ್ಟನ್ ಎಂಜಿನ್‌ನಲ್ಲಿ ಉರಿದ ಜಾಗಕ್ಕೇ ಮುಂದಿನ ಸುತ್ತಿನಲ್ಲಿ ತಣ್ಣನೆಯ ಗಾಳಿ ಬರುತ್ತದೆ. ಇಲ್ಲಿ ಆ ಸುಖ ಇಲ್ಲ. ಒಂದು ಬದಿ ಸದಾ ತಂಪು, ಇನ್ನೊಂದು ಬದಿ ಸದಾ ಬೆಂಕಿ. ಆದ್ದರಿಂದಲೇ ಸ್ಪಾರ್ಕ್ ಪ್ಲಗ್ ಬದಿಯಲ್ಲಿ, ಅಂಚಿನಿಂದ ಶುರುವಾಗಿ, ಕ್ರೋಮ್ ಹಳೆಯ ಸುಣ್ಣದಂತೆ ಚಕ್ಕೆಚಕ್ಕೆಯಾಗಿ ಎದ್ದುಬರುತ್ತದೆ. ತೀರಾ ಅಂಚಿನಲ್ಲಿ ಕೂದಲೆಳೆಯಷ್ಟು ಹೋಗಿದ್ದರೆ ನಾನು ಒಪ್ಪಿಕೊಳ್ಳುತ್ತೇನೆ. ಸೀಲ್ ಓಡುವ ಹಾದಿಯ ನಡುವೆ ಉಕ್ಕು ಕಂಡಿತೋ, ಅದು ಆ ಸ್ಥಿತಿಯಲ್ಲಿ ವಾಪಸ್ ಹೋಗಬಾರದು. ಮರಳು ಕಾಗದದಲ್ಲಿ ಅಂಚು ಉಜ್ಜಿ ನಯ ಮಾಡಿ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಉಳಿದ ಕ್ರೋಮ್ ಎತ್ತಿಕೊಂಡು ಬರುತ್ತದೆ, ಜೊತೆಗೆ ಹೊಸ ಸೀಲ್‌ಗಳನ್ನೂ ತಿನ್ನುತ್ತದೆ.

ಹೌಸಿಂಗ್ ಉಳಿಸಲೂ ದಾರಿ ಇದೆ. ಹಳೆಯ ಕ್ರೋಮ್ ತೆಗೆದು, ಹೊಸ ಲೇಪ ಕೊಟ್ಟು, ಆ ವಿಚಿತ್ರ ಆಕಾರಕ್ಕೆ ಮತ್ತೆ ಗ್ರೈಂಡ್ ಮಾಡುವುದು. ಇದು ದುಂಡನೆಯ ಸಿಲಿಂಡರ್ ಬೋರ್ ಮಾಡಿದಂತಲ್ಲ. ಆ ಬಾಗಿನ ಲೆಕ್ಕಕ್ಕೆ ತಕ್ಕಂತೆ ಚಲಿಸುವ ಯಂತ್ರವೇ ಬೇಕು. ಕಾರ್ಬೈಡ್ ಪುಡಿಯನ್ನು ಕರಗಿಸಿ ಸಿಂಪಡಿಸುವ ಲೇಪಗಳೂ ಇವೆ. ಅವು ಕ್ರೋಮ್‌ಗಿಂತ ಗಟ್ಟಿ. ಆದರೆ ಗೋಡೆ ಬದಲಾದರೆ ಅದರ ಮೇಲೆ ಓಡುವ ಸೀಲ್ ಯಾವುದು ಅಂತ ಮತ್ತೆ ಯೋಚಿಸಬೇಕು. ಗೋಡೆ, ಸೀಲ್ ಎರಡೂ ಒಂದು ಜೋಡಿ. ಒಂದಕ್ಕೆ ಒಳ್ಳೆಯದು ಅಂತ ಇನ್ನೊಂದನ್ನು ಕೇಳದೆ ಆರಿಸಿದರೆ ಎರಡೂ ಕೆಡುತ್ತವೆ. ನನ್ನ ಎಂಜಿನ್‌ನಲ್ಲಿ ಮುಂದಿನ ಹೌಸಿಂಗ್ ಚೆನ್ನಾಗಿತ್ತು, ಹಿಂದಿನದು ಹೋಗಿತ್ತು. ಕ್ರೋಮ್ ಕೆಡದ ಇನ್ನೊಂದು ಬಳಸಿದ ಹೌಸಿಂಗ್ ಹುಡುಕಿದೆ. ಅದರ ದಪ್ಪವನ್ನು ಸುತ್ತಲೂ ಹಲವು ಕಡೆ ಮೈಕ್ರೋಮೀಟರ್‌ನಲ್ಲಿ ಅಳೆದೆ. 80 ಮಿಲಿಮೀಟರ್ ದಪ್ಪದಲ್ಲಿ ಒಂದು ಕಡೆಗೂ ಇನ್ನೊಂದು ಕಡೆಗೂ 0.06ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಹೆಚ್ಚು ಬಿಸಿಯಾದ ಎಂಜಿನ್‌ನ ಹೌಸಿಂಗ್ ಪ್ಲಗ್ ಬದಿಯಲ್ಲಿ ಕುಸಿದಿರುತ್ತದೆ, ನೋಟಕ್ಕೆ ಎಷ್ಟೇ ಚೆನ್ನಾಗಿರಲಿ.

ರೋಟರ್‌ಗಳು ಗಟ್ಟಿ ಜೀವಗಳು. ತಾಳ್ಮೆಯಿಂದ ಮಸಿ ತೆಗೆದರೆ ಸಾಕು, ಎಷ್ಟೋ ಸಲ ಮತ್ತೆ ಹೊಸ ಆಯಸ್ಸು. ತಂತಿ ಬ್ರಷ್ ಬೇಡ, ಸೀಲ್ ಕೂರುವ ತೋಡುಗಳ ಅಂಚು ಉರುಟಾಗುತ್ತದೆ. ನಾನು ನೆನೆಸಿಟ್ಟು, ಮುರಿದ ಹಳೆಯ ಏಪೆಕ್ಸ್ ಸೀಲ್‌ನ ತುಂಡಿನಿಂದಲೇ ತೋಡು ಕೆರೆಯುತ್ತೇನೆ. ಅದಕ್ಕಿಂತ ಸರಿಯಾದ ಅಗಲದ ಉಪಕರಣ ಇನ್ನೆಲ್ಲಿ ಸಿಗುತ್ತದೆ? ತೋಡು ಅಗಲವಾಗಿದ್ದರೆ, ಅಂದರೆ ಹೊಸ ಸೀಲ್ ಇಟ್ಟಾಗ ಸಂದು 0.15 ದಾಟಿದರೆ, ಸೀಲ್ ಅತ್ತಿತ್ತ ವಾಲುತ್ತದೆ. 2 ಮಿಲಿಮೀಟರ್ ತೋಡನ್ನು 3 ಮಿಲಿಮೀಟರ್‌ಗೆ ಕೊರೆಸಿ ದಪ್ಪ ಸೀಲ್ ಹಾಕುವುದು ಹಳೆಯ, ನಂಬಬಹುದಾದ ಪರಿಹಾರ. ಒಂದು ರೋಟರ್‌ಗೆ ಮಾಡಿಸಿದರೆ ಇನ್ನೊಂದಕ್ಕೂ ಮಾಡಿಸಿ, ತೂಕ ಸರಿದೂಗಿಸಬೇಕು.

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಸೈಡ್ ಸೀಲ್ ಕೂರಿಸುವುದು. ಹೊಸ ಸೈಡ್ ಸೀಲ್‌ಗಳು ಬೇಕಂತಲೇ ಸ್ವಲ್ಪ ಉದ್ದವಾಗಿ ಬರುತ್ತವೆ. ಎರಡು ಕಾರ್ನರ್ ಸೀಲ್‌ಗಳ ನಡುವೆ ಕೂರಿಸಿ, ತುದಿಯಲ್ಲಿ 0.05ರಿಂದ 0.15 ಮಿಲಿಮೀಟರ್ ಸಂದು ಉಳಿಯುವಂತೆ ಅರದಲ್ಲಿ ಉಜ್ಜಬೇಕು. ಒಂದು ಎಳೆತ ಜಾಸ್ತಿಯಾದರೆ ಆ ಸೀಲ್ ಹೋಯಿತು. ಅರವನ್ನು ಬೆಂಚಿಗೆ ಬಿಗಿದು, ಸೀಲನ್ನು ಬೆರಳಲ್ಲಿ ಹಿಡಿದು ಎಳೆಯುತ್ತೇನೆ. ಮೂರು ಎಳೆತ, ಬಟ್ಟೆಯಲ್ಲಿ ಒರೆಸು, ಕೂರಿಸು, ಎಲೆ ತೂರಿಸು. 0.05 ಹೋಗಲಿಲ್ಲ. ಎರಡು ಎಳೆತ. ಇನ್ನೂ ಇಲ್ಲ. ಒಂದು. ಈಗ ಎಲೆ ಒಳಗೆ ಜಾರಿ, ಬೆಣ್ಣೆಯಲ್ಲಿ ಹೋದಂತೆ ಅಲ್ಲದಿದ್ದರೂ, ಒಂದು ಹಿತವಾದ ಬಿಗಿಯಲ್ಲಿ ಹೋಗುತ್ತದೆ. ಕಾರ್ನರ್ ಸೀಲ್ ಗುಂಡಗಿರುವುದರಿಂದ ಸೀಲ್‌ನ ತುದಿಯೂ ಆ ಗುಂಡಿಗೆ ಹೊಂದುವಂತೆ ಇರಬೇಕು. ಹೀಗೆ ಹನ್ನೆರಡು. ಪ್ರತಿಯೊಂದನ್ನೂ ಅದರ ಜಾಗದ ಹೆಸರು ಬರೆದ ಪೊಟ್ಟಣದಲ್ಲಿಡುತ್ತೇನೆ, ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಕಳೆದ ಸಲ ಎರಡು ಸಂಜೆ ಹಿಡಿಯಿತು. ಪ್ಲೇಟ್ ಹಳೆಯದು, ರೋಟರ್ ಹಳೆಯದು, ಸೀಲ್ ಹೊಸದು. ಹಳೆಯದಕ್ಕೂ ಹೊಸದಕ್ಕೂ ಹೊಂದಾಣಿಕೆ ಆಗುವುದು ಈ ಅರದ ತುದಿಯಲ್ಲೇ.

ಹೊಸದೇ ಬೇಕು ಅನ್ನುವುದನ್ನೂ ಹೇಳಬೇಕಲ್ವಾ. ನೀರಿನ ಸೀಲ್‌ಗಳು, ಆಯಿಲ್ ರಿಂಗ್‌ನೊಳಗಿನ ರಬ್ಬರ್ ಉಂಗುರಗಳು, ಎಲ್ಲ ಸ್ಪ್ರಿಂಗ್‌ಗಳು, ಏಪೆಕ್ಸ್ ಸೀಲ್‌ಗಳು. ಇವುಗಳಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಹಳೆಯ ಏಪೆಕ್ಸ್ ಸೀಲ್‌ನ ಎತ್ತರ ಮಿತಿಯೊಳಗೇ ಇದ್ದರೂ ತೆಗೆದಿಡುತ್ತೇನೆ. ಅದು ಮುರಿದರೆ ಒಂದೇ ಏಟಿಗೆ ಹೌಸಿಂಗ್ ಗೋಡೆಯನ್ನೂ ರೋಟರ್ ಅಂಚನ್ನೂ ಕೆಡಿಸಿ, ಇಷ್ಟು ಹೊತ್ತು ಉಳಿಸಿದ್ದನ್ನೆಲ್ಲ ಮಣ್ಣುಪಾಲು ಮಾಡುತ್ತದೆ. ಬಿಸಿಯಲ್ಲಿ ಸೋತ ಸ್ಪ್ರಿಂಗ್ ಮತ್ತೆ ಎದ್ದು ನಿಲ್ಲುವುದಿಲ್ಲ. ರಬ್ಬರ್‌ಗೆ ರಿಪೇರಿ ಅನ್ನುವುದೇ ಇಲ್ಲ.

ಇಷ್ಟೆಲ್ಲ ಕಷ್ಟಪಡುವ ಬದಲು ಎಲ್ಲ ಹೊಸದನ್ನೇ ಹಾಕಬಾರದಾ ಅಂತ ಕೇಳುತ್ತಾರೆ. ಹಾಕಬಹುದು, ಸಿಗುವ ತನಕ. ಮಜ್ದಾದ ರೋಟರಿ ಕಾರು ಆರ್‌ಎಕ್ಸ್-8ರ ತಯಾರಿಕೆ 2012ರಲ್ಲಿ ನಿಂತಿತು. 2023ರಲ್ಲಿ ಎಂಎಕ್ಸ್-30 ಕಾರಿನಲ್ಲಿ ರೋಟರಿ ಮತ್ತೆ ಬಂತು, ನಿಜ. ಆದರೆ ಅದು ಬ್ಯಾಟರಿ ತುಂಬಿಸುವ ಒಂದೇ ರೋಟರ್‌ನ 830 ಸಿಸಿ ಎಂಜಿನ್, ಅದರ ಅಳತೆಯೇ ಬೇರೆ, ಭಾಗಗಳು ಹಳೆಯ 13ಬಿಗೆ ಆಗುವುದಿಲ್ಲ. ಇವತ್ತು ಯಾರೋ ಒಬ್ಬರು 0.03 ಸವೆದ ಪ್ಲೇಟನ್ನು ಅಳೆಯದೆ ಕರಗಿಸಲು ಕಳಿಸಿದರೆ, ನಾಳೆ ಇನ್ನೊಬ್ಬರ ಎಂಜಿನ್‌ಗೆ ಒಂದು ಪ್ಲೇಟ್ ಕಡಿಮೆ. ನನಗೆ ನಿಜಕ್ಕೂ ನೋವಾಗುವುದು ಅಲ್ಲಿ. ಸರಿಯಾಗಿ ಎರಕ ಹೊಯ್ದು, ಕೊರೆದು, ಗಟ್ಟಿ ಮಾಡಿ, ಇಪ್ಪತ್ತು ಮೂವತ್ತು ವರ್ಷ ದುಡಿದ ಒಂದು ಕಬ್ಬಿಣದ ತುಂಡಿಗೆ ಒಂದು ಡಯಲ್ ಗೇಜ್ ಇಟ್ಟು ನೋಡುವ ಹತ್ತು ನಿಮಿಷವೂ ಸಿಗಲಿಲ್ಲ ಅಂದರೆ ಹೇಗೆ?

ಜೋಡಿಸಿದ ಮೇಲೆ ಮೊದಲ ಕಂಪ್ರೆಷನ್ ಪರೀಕ್ಷೆ, ಅಂದರೆ ಒಳಗೆ ಎಷ್ಟು ಒತ್ತಡ ಹುಟ್ಟುತ್ತದೆ ಅಂತ ಅಳೆಯುವುದು. ರೋಟರ್‌ಗೆ ಮೂರು ಮುಖ ಇರುವುದರಿಂದ ಮೂರು ಅಂಕಿ ಬೇಕು. ಪಿಸ್ಟನ್ ಎಂಜಿನ್‌ಗೆ ಬಳಸುವ ಸಾಮಾನ್ಯ ಗೇಜ್ ಮೂರರಲ್ಲಿ ದೊಡ್ಡದನ್ನು ಮಾತ್ರ ಹಿಡಿದು ನಿಲ್ಲುತ್ತದೆ, ಸೋತ ಮುಖ ಅದರ ಹಿಂದೆ ಅಡಗಿಕೊಳ್ಳುತ್ತದೆ. 250 ಆರ್‌ಪಿಎಂಗೆ ಲೆಕ್ಕ ಹಾಕಿದಾಗ ಪ್ರತಿ ಮುಖವೂ ಚದರ ಸೆಂಟಿಮೀಟರಿಗೆ 6 ಕೆಜಿ ದಾಟಬೇಕು, ಮುಖ ಮುಖಗಳ ನಡುವೆ ವ್ಯತ್ಯಾಸ 1.5 ಮೀರಬಾರದು. ಮೊದಲ ದಿನ ಎರಡೂ ರೋಟರ್ 6.3, 6.4ರ ಆಸುಪಾಸಿನಲ್ಲಿದ್ದವು. ಹೊಸ ಸೀಲ್ ಹಳೆಯ ಗೋಡೆಗೆ ಇನ್ನೂ ಒಗ್ಗಿರಲಿಲ್ಲ. 1500 ಕಿಲೋಮೀಟರ್ ಮೆಲ್ಲಗೆ ಓಡಿಸಿ ಮತ್ತೆ ನೋಡಿದೆ. ಮುಂದಿನದು 7.4, 7.3, 7.5. ಹಿಂದಿನದು 7.2, 7.4, 7.3.

ಎಂಜಿನ್‌ನ ಪುಸ್ತಕದಲ್ಲಿ ಇವನ್ನೆಲ್ಲ ಬರೆದಿಟ್ಟಿದ್ದೇನೆ. ಅದೇ ಪುಟದಲ್ಲಿ ಪ್ಲೇಟ್‌ಗಳ ಅಳತೆಯೂ ಇದೆ: ಮುಂದಿನದು 0.03, ಹಿಂದಿನದು 0.05, ನಡುವಿನದು ಲ್ಯಾಪಿಂಗ್ ಮತ್ತು ನೈಟ್ರೈಡಿಂಗ್ ಆದ ಮೇಲೆ 0.00. ಮೂರರ ಪಕ್ಕದಲ್ಲೂ ಒಂದೊಂದು ಕಾಲಂ ಖಾಲಿ ಬಿಟ್ಟಿದ್ದೇನೆ, ಮುಂದೆ ಇದನ್ನು ಬಿಚ್ಚುವವರು ಬರೆಯಲಿ ಅಂತ.